ತಾರೆಯ ಉಪಾಸನೆಯೂ ನಮ್ಮ ಉದಾಸೀನತೆಯೂ

ತಂತ್ರವೆಂಬ ಶಬ್ದವನ್ನು ಕೇಳಿದೊಡನೆಯೇ ನಮ್ಮ ವಿದ್ಯಾವಂತರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರು. ಕೆಲವರು ಮುಸಿಮುಸಿ ನಗುವರು. ಮೊದಲಿನವರಿಗೆ ಅದು ಮಾಟ, ಮಾರಣ, ಉಚ್ಚಾಟನ. ಎರಡನೆಯವರಿಗೆ ಅದು ಭೋಗಕ್ಕೆ ಹೊದಿಸಿದ ಧರ್ಮದ ಹೊದಿಕೆ. ರಜಾದಿನಗಳಲ್ಲಿ ಬೈಲಕುಪ್ಪೆಯ ಬೌದ್ಧವಿಹಾರಕ್ಕೆ ಹೋಗುವ ನಮ್ಮ ಜನರು ಬುದ್ಧ, ಪದ್ಮಸಂಭವ, ಅಮಿತಾಯು ಇವರ ಸುವರ್ಣಮೂರ್ತಿಗಳ ಮುಂದೆ ಚಿತ್ರ ತೆಗೆಸಿಕೊಂಡು, ಉಗ್ರದೇವತೆಗಳ ಪಟಗಳನ್ನು ಕಂಡು ಬೆಚ್ಚಿ, ಊಟದ ಹೊತ್ತಿಗೆ ಕುಶಾಲನಗರಕ್ಕೆ ಮರಳುವರು. ಆ ದೇವತೆಗಳು ಯಾರು, ಭಿಕ್ಷುಗಳು ಅವರನ್ನು ಧ್ಯಾನಿಸುವುದು ಏತಕ್ಕೆ ಎಂದು ಕೇಳುವವರು ವಿರಳ. ಈ ಉದಾಸೀನತೆಯು ನಮಗೆ ಸಲ್ಲದೆಂಬುದೇ ನಮ್ಮ ಇಂದಿನ ಬಿನ್ನಹ.

ಶ್ಯಾಮತಾರೆಯ ಉಪಾಸನೆಯನ್ನೇ ತೆಗೆದುಕೊಳ್ಳೋಣ. ಸಾಧಕನು ಮೊದಲು ಬುದ್ಧ, ಧರ್ಮ, ಸಂಘಗಳಿಗೆ ಶರಣಾಗತನಾಗಿ, ಸಕಲ ಪ್ರಾಣಿಗಳ ಹಿತಕ್ಕಾಗಿ ಬೋಧಿಯನ್ನು ಪಡೆಯುವೆನೆಂದು ಸಂಕಲ್ಪಿಸತಕ್ಕದ್ದು. ಬಳಿಕ ತಾನೆಂಬ ಭಾವವನ್ನೂ ತೋರುವ ಜಗತ್ತನ್ನೂ ಶೂನ್ಯತೆಯಲ್ಲಿ ಲಯಗೊಳಿಸಬೇಕು. ಆ ಶೂನ್ಯದಿಂದ ಬೀಜಾಕ್ಷರವು ಮೂಡಿ, ಅದರಿಂದ ದೇವಿಯ ರೂಪವು ಉದಿಸುವುದು. ಸಾಧಕನು ತಾನೇ ಆ ತಾರೆಯೆಂದು ಭಾವಿಸಿ ಮಂತ್ರವನ್ನು ಜಪಿಸುವನು. ದೇವಿಯ ಬಲಗಾಲು ಪೀಠದಿಂದ ಮುಂದಕ್ಕೆ ಚಾಚಿರುವುದು, ಆರ್ತರ ಕೂಗಿಗೆ ಒಡನೆಯೇ ಎದ್ದು ಬರಲು ಸಿದ್ಧಳಾಗಿರುವಳೆಂಬುದರ ಕುರುಹು. ಕಡೆಯಲ್ಲಿ ಆ ರೂಪವೂ ಕರಗಿ ಮತ್ತೆ ಶೂನ್ಯವೇ ಉಳಿಯುವುದು. ರೂಪವನ್ನು ಕಟ್ಟುವ ಹಂತಕ್ಕೆ ಉತ್ಪತ್ತಿಕ್ರಮವೆಂದೂ, ಅದು ಸಿದ್ಧಿಸಿದ ಬಳಿಕ ಪ್ರಾಣ ಮತ್ತು ಚಿತ್ತಗಳ ಸೂಕ್ಷ್ಮಸ್ವರೂಪವನ್ನೇ ಹಿಡಿದು ನಡೆಸುವ ಹಂತಕ್ಕೆ ನಿಷ್ಪನ್ನಕ್ರಮವೆಂದೂ ಹೆಸರು.

ಭೂತಶುದ್ಧಿ, ನ್ಯಾಸಗಳನ್ನು ಬಲ್ಲ ನಮ್ಮ ಹಿರಿಯರಿಗೆ ಇದು ಪರಕೀಯವಾಗಿ ತೋರಲಾರದು. ಪೂಜಕನು ದೇವತಾಭಾವವನ್ನು ಹೊಂದಿಯೇ ದೇವತೆಯನ್ನು ಪೂಜಿಸಬೇಕೆಂದು ನಮ್ಮ ಆಗಮಗಳೂ ವಿಧಿಸುತ್ತವೆ. ಬೌದ್ಧರ ವಿಶೇಷವೇನೆಂದರೆ, ಆ ದೇವತೆಗೂ ಸ್ವತಂತ್ರವಾದ ಸತ್ತೆಯಿಲ್ಲವೆಂದು ಸಾಧಕನು ಆದ್ಯಂತವೂ ನೆನೆಯುತ್ತಿರಬೇಕು. ದಿನಗಟ್ಟಲೆ ಕುಳಿತು ಬಣ್ಣದ ಮರಳಿನಿಂದ ಮಂಡಲವನ್ನು ರಚಿಸಿದ ಭಿಕ್ಷುಗಳು, ವಿಧಿ ಮುಗಿದೊಡನೆ ಅದನ್ನು ತಾವೇ ಗುಡಿಸಿ ನೀರಿಗೆ ಬಿಡುವರು. ಇದು ವಿಗ್ರಹದ ಮೇಲಿನ ಮೋಹವೆಂದು ಯಾರು ಹೇಳಬಲ್ಲರು?

ಇದರ ಪ್ರಯೋಜನವೇನೆಂದು ಕೇಳಬಹುದು. ಮನೋವಿಕಾರಗಳನ್ನು ಅದುಮುವುದಲ್ಲ, ಪರಿವರ್ತಿಸುವುದೇ ಇಲ್ಲಿಯ ಗುರಿ. ಪಂಚಬುದ್ಧರ ತತ್ತ್ವದಲ್ಲಿ ದ್ವೇಷವು ಕನ್ನಡಿಯಂತಹ ಆದರ್ಶಜ್ಞಾನವಾಗಿಯೂ, ಗರ್ವವು ಸಮತಾಜ್ಞಾನವಾಗಿಯೂ, ರಾಗವು ಪ್ರತ್ಯವೇಕ್ಷಣಾಜ್ಞಾನವಾಗಿಯೂ, ಮಾತ್ಸರ್ಯವು ಕೃತ್ಯಾನುಷ್ಠಾನಜ್ಞಾನವಾಗಿಯೂ, ಮೋಹವು ಧರ್ಮಧಾತುಜ್ಞಾನವಾಗಿಯೂ ಮಾರ್ಪಡತಕ್ಕವು. ಪಟಗಳಲ್ಲಿ ಕಾಣುವ ಉಗ್ರರೂಪವು ಅಜ್ಞಾನದ ಮೇಲಿನ ಕೋಪ. ಆಲಿಂಗಿತ ದಂಪತಿಗಳು ಕರುಣೆಯೆಂಬ ಉಪಾಯ ಮತ್ತು ಪ್ರಜ್ಞೆ ಇವುಗಳ ಐಕ್ಯ. ಇಷ್ಟನ್ನು ತಿಳಿದವನು ಬೆಚ್ಚುವುದಿಲ್ಲ, ನಗುವುದೂ ಇಲ್ಲ.

ಇದು ಸುಲಭದ ದಾರಿಯೆಂದು ಯಾರೂ ಭ್ರಮಿಸಕೂಡದು. ಅಭಿಷೇಕವಿಲ್ಲದವನಿಗೆ ಈ ಸಾಧನೆಯಲ್ಲಿ ಅಧಿಕಾರವಿಲ್ಲ. ಟಿಬೇಟಿನ ಸಂಪ್ರದಾಯದಲ್ಲಿ ಪೂರ್ವಸಿದ್ಧತೆಗಾಗಿಯೇ ಲಕ್ಷ ಸಾಷ್ಟಾಂಗ ನಮಸ್ಕಾರಗಳನ್ನು ಮಾಡುವ ರೂಢಿಯುಂಟು. ವಾರಾಂತ್ಯದ ಎರಡು ದಿನಗಳಲ್ಲಿ ಹಣ ಪಡೆದು ತಂತ್ರಸಿದ್ಧಿಯನ್ನು ಮಾರುವ ಅಂಗಡಿಗಳಿಗೂ ಇದಕ್ಕೂ ಏನು ಸಂಬಂಧ?

ಆದರೆ ಒಂದು ಅಪಾಯವನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. ಗುರುವನ್ನು ಬುದ್ಧನೆಂದೇ ಕಾಣಬೇಕೆಂಬ ವಿಧಿಯು ದುರಾಚಾರಿಗಳ ಕೈಗೆ ಸಿಕ್ಕು ಅನರ್ಥಗಳಾಗಿವೆ. ಮದ್ದು ಮೂಲಗ್ರಂಥಗಳಲ್ಲಿಯೇ ಇದೆ. ಅಶ್ವಘೋಷನದೆಂದು ಹೇಳಲಾಗುವ ಗುರುಪಂಚಾಶಿಕೆಯು, ಗುರುಶಿಷ್ಯರು ಒಬ್ಬರನ್ನೊಬ್ಬರು ಮೊದಲೇ ಪರೀಕ್ಷಿಸಬೇಕೆಂದೂ, ನೆರವೇರಿಸಲಾಗದ ಆಜ್ಞೆಯನ್ನು ಕಾರಣ ತಿಳಿಸಿ ವಿನಯದಿಂದ ಬಿಡಬಹುದೆಂದೂ ಹೇಳುತ್ತದೆ. 1993ರಲ್ಲಿ ಪಾಶ್ಚಾತ್ಯ ಬೌದ್ಧಾಚಾರ್ಯರು ಧರ್ಮಶಾಲೆಯಲ್ಲಿ ಸೇರಿದಾಗ, ಆಚಾರ್ಯರ ದುರ್ನಡತೆಯನ್ನು ಬಹಿರಂಗಪಡಿಸಲು ಹಿಂಜರಿಯಬಾರದೆಂಬುದೇ ದಲೈಲಾಮಾರವರ ಅಭಿಪ್ರಾಯವಾಗಿತ್ತು. ಭಕ್ತಿಗೆ ಕಣ್ಣಿರಬೇಕು, ಕುರುಡುಭಕ್ತಿಯು ಗುರುವನ್ನೂ ಕೆಡಿಸುತ್ತದೆ, ಶಿಷ್ಯನನ್ನೂ ಕೆಡಿಸುತ್ತದೆ.

ಈ ವಿದ್ಯೆ ನಮಗೇನು ಸಂಬಂಧವೆನ್ನುವವರು ನಮ್ಮ ಶಾಸನಗಳನ್ನು ಓದಲಿ. ಮಂಗಳೂರಿನ ಕದ್ರಿಯಲ್ಲಿ ಮೂರು ಮುಖ, ಆರು ಭುಜಗಳ ಲೋಕೇಶ್ವರಮೂರ್ತಿಯನ್ನು 968ರಲ್ಲಿ ಪ್ರತಿಷ್ಠಾಪಿಸಿದವನು ಆಳುಪರ ಕುಂದವರ್ಮ. ಅವನು ಶಿವಭಕ್ತನಾಗಿದ್ದನೆಂಬುದು ಮತ್ತೂ ಸ್ವಾರಸ್ಯ. ಬಳ್ಳಿಗಾವೆಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಬೌದ್ಧವಿಹಾರವೂ ತಾರಾಭಗವತಿಯ ಆರಾಧನೆಯೂ ಇದ್ದವು. ಡಂಬಳದ 1095ರ ಶಾಸನವು ತಾರೆಯ ಸ್ತುತಿಯಿಂದಲೇ ಆರಂಭವಾಗುತ್ತದೆ. ಅಲ್ಲಿ ವಿಹಾರವನ್ನು ಕಟ್ಟಿಸಿದವರು ವರ್ತಕರಾದ ಶೆಟ್ಟಿಗಳು. ನಾವು ಮರೆತೆವು, ಟಿಬೇಟು ಮರೆಯಲಿಲ್ಲ. ವಿಕ್ರಮಶಿಲೆಯ ಅತೀಶನು 1042ರಲ್ಲಿ ಹಿಮಾಲಯವನ್ನು ದಾಟಿ ಕೊಂಡೊಯ್ದ ವಿದ್ಯೆಯು ಸುಮಾರು ಒಂಬತ್ತು ಶತಮಾನಗಳ ಮೇಲೆ ನಿರಾಶ್ರಿತರ ತಲೆಹೊರೆಯಲ್ಲಿ ತೌರಿಗೆ ಮರಳಿತು. 1960ರಲ್ಲಿ ಅಂದಿನ ಮೈಸೂರು ಸರ್ಕಾರವು ಬೈಲಕುಪ್ಪೆಯಲ್ಲಿ ಅವರಿಗೆ ನೆಲವನ್ನು ಕೊಟ್ಟಿತು. ಇಂದು ಸೇರಾ ಮಹಾವಿಹಾರವು ಅಲ್ಲಿರುವುದು. ಡ್ರೆಪುಂಗ್, ಗಂದೆನ್ ವಿಹಾರಗಳು ಮುಂಡಗೋಡಿನಲ್ಲಿರುವುವು. ತಂತ್ರಾಭ್ಯಾಸಕ್ಕೆಂದೇ 1433ರಲ್ಲಿ ಲ್ಹಾಸಾ ಪ್ರಾಂತದಲ್ಲಿ ಹುಟ್ಟಿದ ಗ್ಯುದ್‌ಮೆದ್ ವಿದ್ಯಾಲಯವು ಹುಣಸೂರಿನ ಬಳಿಯ ಗುರುಪುರದಲ್ಲಿ ನಡೆಯುತ್ತಿದೆ.

ನೆಲವನ್ನು ಕೊಟ್ಟ ನಾಡು ಕಿವಿಯನ್ನೂ ಕೊಡಬೇಡವೇ? ಮೂಲ ಸಂಸ್ಕೃತವು ನಷ್ಟವಾಗಿ ಟಿಬೇಟೀ ಭಾಷಾಂತರದಲ್ಲಿ ಮಾತ್ರ ಉಳಿದ ಗ್ರಂಥಗಳು ಅನೇಕ. ಬಡೋದೆಯ ಗಾಯಕವಾಡ ಗ್ರಂಥಮಾಲೆಯು 1925ರಿಂದ 1931ರ ಒಳಗೆ ಸಾಧನಮಾಲಾ, ಗುಹ್ಯಸಮಾಜತಂತ್ರಗಳನ್ನು ಅಚ್ಚಿಗೆ ತಂದಿತು. ಸಾರನಾಥದಲ್ಲಿ 1967ರಲ್ಲಿ ಸ್ಥಾಪಿತವಾದ ಟಿಬೇಟೀ ವಿದ್ಯಾಸಂಸ್ಥೆಯು ಕಳೆದುಹೋದ ಸಂಸ್ಕೃತ ಮೂಲಗಳನ್ನು ಪುನಃ ರಚಿಸುವ ಕಾರ್ಯವನ್ನು ಕೈಗೊಂಡಿತು. 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಒಪ್ಪಿಸಿದ ಮೈಸೂರಿಗೆ ಇಂತಹ ಕಾರ್ಯವು ಅಸಾಧ್ಯವೇ? ನಮ್ಮ ಸಂಸ್ಕೃತ ಪಂಡಿತರು ಬೈಲಕುಪ್ಪೆಯ ಆಚಾರ್ಯರೊಡನೆ ಕುಳಿತು ಓದಲಿ; ವಿಶ್ವವಿದ್ಯಾಲಯಗಳು ಅದಕ್ಕೆ ವೃತ್ತಿವೇತನವನ್ನು ಒದಗಿಸಲಿ; ಓದಿದ್ದು ತಿಳಿಗನ್ನಡದಲ್ಲಿ ಅಚ್ಚಾಗಲಿ. ದೀಕ್ಷೆಗೆ ಸಂಬಂಧಿಸಿದ ಗೋಪ್ಯವನ್ನು ಆಯಾ ಸಂಪ್ರದಾಯದವರ ಇಚ್ಛೆಗೆ ಬಿಡೋಣ. ತತ್ತ್ವವನ್ನು ತಿಳಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಮನೆಯ ನಿಧಿಯನ್ನು ಪರದೇಶದ ವಿದ್ವಾಂಸರು ಎಣಿಸಿ ಹೇಳುವವರೆಗೂ ಕಾದಿರುವುದು ಸ್ವಾಭಿಮಾನಿಗಳ ಲಕ್ಷಣವಲ್ಲ. ತಾರೆಯು ಒಂದು ಕಾಲನ್ನು ಮುಂದಿಟ್ಟೇ ಕುಳಿತಿರುವಳು. ಏಳಬೇಕಾದವರು ನಾವು.