ಮದುವಣಗಿತ್ತಿಯ ಎರಡು ದಿನ: ಆಕ್ಷೇಪಕರಿಗೆ ಒಂದು ಉತ್ತರ

ಮದುವೆ ನಿಶ್ಚಯವಾದ ಹೆಣ್ಣುಮಗಳೊಬ್ಬಳು, ಲಗ್ನಕ್ಕೆ ಇನ್ನೂ ಮೂರು ನಾಲ್ಕು ವಾರಗಳಿರುವಾಗ, ತನ್ನ ಗೆಳತಿಯರೊಡನೆ ಶನಿವಾರ ಭಾನುವಾರ ಎರಡು ದಿನ ಬೆಂಗಳೂರಿಗೆ ಹೋಗಿ ಸಂತೋಷವಾಗಿದ್ದು ಬರುವುದು ಸರಿಯೋ ತಪ್ಪೋ? ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆಗಳ ಸುತ್ತಿನ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಈಗ ತಲೆಯೆತ್ತಿದೆ. ಅಮೆರಿಕದವರು ಈ ಕೂಟವನ್ನು ಬ್ಯಾಚಲರೆಟ್ ಪಾರ್ಟಿ ಎನ್ನುತ್ತಾರೆ; ಇಂಗ್ಲೆಂಡಿನವರು ಹೆನ್ ಪಾರ್ಟಿ, ಎಂದರೆ ಹೇಂಟೆಗಳ ಕೂಟ, ಎಂದು ಹಾಸ್ಯವಾಗಿ ಕರೆಯುತ್ತಾರೆ. ನಾವು ಇದನ್ನು ‘ಗೆಳತಿಯರ ಬೀಳ್ಕೊಡುಗೆ’ ಎಂದು ಕರೆಯಬಯಸುತ್ತೇವೆ. ಹೆಸರು ಯಾವುದಾದರೂ ಆಗಲಿ, ಹಿರಿಯರಲ್ಲಿ ಅನೇಕರ ತೀರ್ಪು ಮಾತ್ರ ಒಂದೇ ಆಗಿದೆ: ಇದು ಕೂಡದು.

ನಾವು ಈ ತೀರ್ಪನ್ನು ಒಪ್ಪಲಾರೆವು. ವಯಸ್ಸು ತುಂಬಿ, ತನ್ನ ಒಪ್ಪಿಗೆಯಿಂದ ಮದುವೆಯಾಗಲಿರುವ ಹೆಣ್ಣು, ತಾನೇ ಯೋಚಿಸಿ, ತಾನೇ ಲೆಕ್ಕಹಾಕಿ, ತನ್ನ ಗೆಳತಿಯರೊಡನೆ ಹೊರಡುವ ಎರಡು ದಿನದ ಪ್ರಯಾಣದಲ್ಲಿ ದೋಷವಿಲ್ಲ. ಅದನ್ನು ತಡೆಯುವವರ ಮನಸ್ಸಿನಲ್ಲಿ ದೋಷವಿದೆ. ಇದನ್ನು ತೋರಿಸಿಕೊಡುವುದೇ ಈ ಲೇಖನದ ಉದ್ದೇಶ.

ಆಕ್ಷೇಪಕರ ಮೊದಲನೆಯ ಮಾತು, ಇದು ನಮ್ಮ ಸಂಸ್ಕೃತಿಯಲ್ಲ ಎಂಬುದು. ಹೆಸರು ನಮ್ಮದಲ್ಲ, ಅಹುದು. ಆದರೆ ವಸ್ತು ನಮ್ಮದಲ್ಲವೆಂದು ಯಾರು ಹೇಳಿದರು? ಮದುವೆಗೆ ಮುನ್ನ ಹೆಣ್ಣನ್ನು ನಡುವೆ ಕೂರಿಸಿಕೊಂಡು ಅರಿಶಿನ ಹಚ್ಚಿ, ಬಳೆ ತೊಡಿಸಿ, ಹಸೆ ಬರೆದು, ಸೋಬಾನೆ ಹಾಡುತ್ತಿದ್ದವರು ಹೆಂಗಸರೇ ಅಲ್ಲವೆ? ಆ ಕೂಟದಲ್ಲಿ ಗಂಡಸರಿಗೆ ಪ್ರವೇಶವಿರಲಿಲ್ಲ. ಇದ್ದರೂ ಅವರ ಮಾತು ನಡೆಯುತ್ತಿರಲಿಲ್ಲ. ನಮ್ಮ ಬೀಗರ ಹಾಡುಗಳನ್ನು ಕೇಳಿ ಬಲ್ಲವರು, ಇಂದಿನ ಹುಡುಗಿಯರ ನಗೆಚಾಟಿಕೆ ಅತಿಯಾಯಿತೆಂದು ದೂರಲಾರರು. ಗಂಡಿನ ಮೂಗು, ಅತ್ತೆಯ ಜಿಪುಣತನ, ಮಾವನ ಹೊಟ್ಟೆ, ಯಾವುದನ್ನೂ ಆ ಹಾಡುಗಾರ್ತಿಯರು ಬಿಟ್ಟವರಲ್ಲ. ತೌರಿನ ಬಾಳು ಮುಗಿದು ಮತ್ತೊಂದು ಬಾಳು ತೊಡಗುವ ಹೊತ್ತಿನಲ್ಲಿ ಹೆಣ್ಣಿಗೆ ಹೆಣ್ಣುಗಳ ಸಂಗ ಬೇಕೆಂಬ ಅರಿವು ನಮ್ಮ ಅಜ್ಜಿಯರಿಗೆ ಇದ್ದಿತು. ಇಂದು ಛತ್ರದ ಮದುವೆ ಒಂದೂವರೆ ದಿನಕ್ಕೆ ಇಳಿದಿದೆ. ಹಾಡುವವರ ಜಾಗದಲ್ಲಿ ಧ್ವನಿವರ್ಧಕ ಬಂದಿದೆ. ವಧು ಛಾಯಾಗ್ರಾಹಕನ ಅಪ್ಪಣೆಯಂತೆ ತಲೆಯೆತ್ತಿ ತಲೆತಗ್ಗಿಸುತ್ತಾಳೆ. ಗೆಳತಿಯೊಡನೆ ಎರಡು ಮಾತಾಡಲು ಆಕೆಗೆ ಬಿಡುವೆಲ್ಲಿ? ಮನೆಯಂಗಳದಲ್ಲಿ ಕಳೆದುಹೋದುದನ್ನು ಈ ಹುಡುಗಿಯರು ಬೆಂಗಳೂರಿನಲ್ಲಿ ಹುಡುಕುತ್ತಿದ್ದಾರೆ, ಅಷ್ಟೆ.

ಸಾಹಿತ್ಯದ ಸಾಕ್ಷ್ಯ ಬೇಕೆನ್ನುವ ಉಪಾಧ್ಯಾಯ ಬಂಧುಗಳು ಶಾಕುಂತಲವನ್ನು ನೆನೆಯಲಿ. ಬಸವಪ್ಪ ಶಾಸ್ತ್ರಿಗಳ ಕನ್ನಡದಿಂದ ನಮ್ಮವರಿಗೂ ಆಪ್ತವಾದ ಆ ಕಥೆಯಲ್ಲಿ, ಗಂಡನ ಮನೆಗೆ ಹೊರಟ ಶಕುಂತಲೆಗೆ ಕಣ್ವರು ಉಪದೇಶ ಮಾಡಿದರು. ಆದರೆ ಅರಸನು ಗುರುತಿಸಲು ತಡಮಾಡಿದರೆ ಉಂಗುರವನ್ನು ತೋರಿಸೆಂದು ಕಿವಿಯಲ್ಲಿ ಹೇಳಿದವರು ಯಾರು? ಅನಸೂಯೆ ಪ್ರಿಯಂವದೆಯರು. ಶಾಪದ ಸಂಗತಿ ತಂದೆಗೆ ತಿಳಿದಿರಲಿಲ್ಲ, ಗೆಳತಿಯರಿಗೆ ತಿಳಿದಿತ್ತು. ಮದುವೆಯ ಹೊಸ್ತಿಲಲ್ಲಿ ನಿಂತ ಹೆಣ್ಣಿಗೆ ಗೆಳತಿಯ ಮಾತು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಎರಡನೆಯ ಆಕ್ಷೇಪ ರಕ್ಷಣೆಯದು. ನಗರ ಒಳ್ಳೆಯದಲ್ಲ, ಹೆಣ್ಣುಮಕ್ಕಳಿಗೆ ಅಪಾಯ ಎನ್ನುತ್ತಾರೆ. ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಕುಳಿತಿದ್ದ ಯುವತಿಯರನ್ನು ಗುಂಪೊಂದು ಹೊಡೆದು ಹೊರಗಟ್ಟಿತು. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೊಸ ವರ್ಷವನ್ನು ಕಾಣಲು ಬಂದಿದ್ದ ಹೆಣ್ಣುಮಕ್ಕಳ ಮೇಲೆ ಜನಜಂಗುಳಿಯಲ್ಲಿ ಕೈಹಾಕಿದರು. ಈ ಎರಡು ಪ್ರಸಂಗಗಳಲ್ಲಿಯೂ ಅಪರಾಧ ಮಾಡಿದವರು ಗಂಡಸರು. ಉಡುಪಿನ ಬಗೆಗೂ ಹೊತ್ತಿನ ಬಗೆಗೂ ಉಪದೇಶ ಕೇಳಬೇಕಾಗಿ ಬಂದುದು ಹೆಂಗಸರಿಗೆ. ಕಳ್ಳನಿದ್ದಾನೆಂದು ಒಡೆಯನನ್ನೇ ಕೋಣೆಯಲ್ಲಿ ಕೂಡಿಹಾಕುವ ಈ ನ್ಯಾಯ ಯಾವ ಊರಿನದು? ಅಪಾಯಕ್ಕೆ ಉತ್ತರ ಎಚ್ಚರಿಕೆ, ಸೆರೆಯಲ್ಲ. ಅಪಾಯ ಬೆಂಗಳೂರಿನಲ್ಲಿ ಮಾತ್ರ ಇದೆ, ಮನೆಯಲ್ಲಿ ಇಲ್ಲವೆಂಬ ನಂಬಿಕೆಯನ್ನೂ ನಾವು ಮುಂದೆ ಪರೀಕ್ಷಿಸಲಿದ್ದೇವೆ.

ಮೂರನೆಯದು, ಗಂಡಿನ ಕಡೆಯವರು ಏನೆಂದುಕೊಂಡಾರು ಎಂಬುದು. ಇದಕ್ಕೆ ಉತ್ತರ ಒಂದು ಪ್ರಶ್ನೆಯೇ ಆಗಿದೆ. ಅದೇ ಮದುವೆಯ ಗಂಡು ತನ್ನ ಗೆಳೆಯರೊಡನೆ ಎರಡು ದಿನ ಎಲ್ಲಿಗೋ ಹೋಗಿ ಬಂದುದನ್ನು ಹೆಣ್ಣಿನ ಕಡೆಯವರು ಎಂದಾದರೂ ವಿಚಾರಿಸಿದುದುಂಟೆ? ಮದುವೆಯ ಹಿಂದಿನ ರಾತ್ರಿ ಛತ್ರದ ಹಿತ್ತಲಿನಲ್ಲಿ ವರನ ಗೆಳೆಯರು ಬಾಟಲಿ ತೆರೆದು ಕುಳಿತರೆ, ಹುಡುಗರು ಎಂದು ನಕ್ಕು ಮುಂದೆ ಹೋಗುವ ಹಿರಿಯರು, ಹುಡುಗಿಯರು ಲಾಲ್‌ಬಾಗಿನ ಹುಲ್ಲಿನ ಮೇಲೆ ಕುಳಿತು ನಕ್ಕರೆ ಮನೆತನದ ಮರ್ಯಾದೆ ಹೋಯಿತೆನ್ನುತ್ತಾರೆ. ಮದ್ಯವನ್ನು ಸೇವಿಸಿರೆಂದು ನಾವು ಯಾರಿಗೂ ಹೇಳುವವರಲ್ಲ. ಬೇಡವೆನ್ನುವುದಾದರೆ ಇಬ್ಬರಿಗೂ ಒಂದೇ ಬಾಯಿಂದ ಬೇಡವೆನ್ನಿರಿ. ಒಂದೇ ಮೊಳದಕೋಲಿನಿಂದ ಅಳೆಯಿರಿ. ಹದಿನೇಳನೆಯ ಶತಮಾನದಲ್ಲಿ, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಂಚಿಯ ಹೊನ್ನಮ್ಮ, ಸತಿಯ ಧರ್ಮವನ್ನು ಬೋಧಿಸಲೆಂದೇ ಬರೆದ ‘ಹದಿಬದೆಯ ಧರ್ಮ’ದಲ್ಲಿಯೇ, ಹೆಣ್ಣೆಂದು ಹೀನಾಯವಾಗಿ ಕಾಣುವವರನ್ನು ಕಣ್ಣಿಲ್ಲದವರೆಂದು ಜರೆದಳು. ಮುನ್ನೂರು ವರ್ಷಗಳಿಗೂ ಮೇಲಾಯಿತು. ಆ ಕಣ್ಣುಗಳು ಇನ್ನೂ ತೆರೆದಂತೆ ಕಾಣುವುದಿಲ್ಲ.

ಈಗ ನಿಜವಾದ ಮಾತಿಗೆ ಬರೋಣ. ಹೆಣ್ಣಿನ ಮಾನ, ರಕ್ಷಣೆ, ಸಂಸ್ಕೃತಿ ಎಂದು ಇಷ್ಟು ಗಟ್ಟಿಯಾಗಿ ನುಡಿಯುವವರು, ನುಡಿಯಲೇಬೇಕಾದ ಕಡೆ ನುಡಿದರೆ? 2025ರ ಮಾರ್ಚ್ ತಿಂಗಳಿನಲ್ಲಿ, ನಮ್ಮ ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿಯ ಕಡೆಯ ಬೆಟ್ಟದ ಹಳ್ಳಿಯ 14 ವರ್ಷದ ಬಾಲಕಿಯೊಬ್ಬಳು, ಬಲವಂತದ ಮದುವೆಯಾದ ಮೇಲೆ ಗಂಡನ ಮನೆಗೆ ಹೋಗಲೊಲ್ಲೆನೆಂದು ಅಳುತ್ತಿದ್ದಾಗ ಆಕೆಯನ್ನು ಹೊತ್ತು ಒಯ್ದ ದೃಶ್ಯವನ್ನು ನಾಡೆಲ್ಲ ನೋಡಿತು. ಪೊಲೀಸರು ಮೊಕದ್ದಮೆ ಹೂಡಿ ಸಂಬಂಧಪಟ್ಟವರನ್ನು ಬಂಧಿಸಿದರು. ಆ ಮದುವೆ ನಡೆದುದು ಬೆಂಗಳೂರಿನಲ್ಲಿ ಎಂದು ಪತ್ರಿಕೆಗಳು ವರದಿಮಾಡಿದವು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಊರೂ ಅದೇ ಬೆಂಗಳೂರು. ಒಬ್ಬಳನ್ನು ಅಲ್ಲಿಗೆ ಕರೆದೊಯ್ದು ಮದುವೆ ಮಾಡಿದರು; ಯಾರೂ ಆಕೆಯನ್ನು ಕೇಳಲಿಲ್ಲ. ಇನ್ನೊಬ್ಬಳು ತಾನೇ ಟಿಕೆಟ್ಟು ಕೊಂಡು ಹೋಗುತ್ತೇನೆನ್ನುತ್ತಾಳೆ. ಎಲ್ಲರೂ ಆಕೆಯನ್ನು ಕೇಳುತ್ತಾರೆ. ಮೊದಲನೆಯ ಪ್ರಯಾಣಕ್ಕೆ ಬಂಧುಗಳ ಒಪ್ಪಿಗೆಯಿತ್ತು, ಎರಡನೆಯದಕ್ಕೆ ಇಲ್ಲ. ಹೀಗಿರುವಾಗ, ಆಕ್ಷೇಪಕರಿಗೆ ಬೇಡವಾದುದು ಬೆಂಗಳೂರಲ್ಲ, ಹೆಣ್ಣಿನ ಇಚ್ಛೆ ಎಂದು ನಾವು ತಿಳಿದರೆ ತಪ್ಪೇನು?

ಬಾಲ್ಯವಿವಾಹ ನಿಷೇಧ ಶಾಸನ 2006ರಲ್ಲಿ ಬಂದಿತು. ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕೆಂದು ಅದು ವಿಧಿಸುತ್ತದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವರ್ಷದೊಳಗಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 23 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ನಮ್ಮ ತರಗತಿಗಳ ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ರಜೆಯ ನಂತರ ಬೆಂಚಿನಲ್ಲಿ ಕಾಣದೆಹೋಗುವ ಹುಡುಗಿಯನ್ನು ನೋಡದ ಉಪಾಧ್ಯಾಯರು ಈ ಭಾಗದಲ್ಲಿ ವಿರಳ. ಗೆಳತಿಯರೊಡನೆ ಬೆಂಗಳೂರಿಗೆ ಹೋಗುವ ಯೋಜನೆ ಹಾಕುವಷ್ಟು ವಯಸ್ಸೂ ಗೆಳೆತನವೂ ಕೈಯಲ್ಲಿ ನಾಲ್ಕು ಕಾಸೂ ಇರುವ ಮದುವಣಗಿತ್ತಿ ನಮ್ಮಲ್ಲಿ ಹುಟ್ಟಿಕೊಂಡಿದ್ದಾಳೆಂದರೆ, ಅದು ನಾವು ಹೆಮ್ಮೆಪಡತಕ್ಕ ಸಂಗತಿ. ಆಕೆ ಶಾಲೆಯನ್ನು ಮುಗಿಸಿದವಳು; ಹೊಸೂರಿನ ಗಡಿಯಾರದ ಕಾರ್ಖಾನೆಯಲ್ಲಿಯೋ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ದುಡಿಯುವವಳು. ಮದುವೆಗೆ ಮುನ್ನ ಆಕೆಗೊಂದು ಬಾಳು ಇದ್ದಿತು. ಅದಕ್ಕೆ ಬೀಳ್ಕೊಡುಗೆ ಬೇಕಾಗಿದೆ. ಹದಿನಾಲ್ಕರಲ್ಲಿ ಹೊತ್ತೊಯ್ಯಲ್ಪಟ್ಟ ಮಗುವಿಗೆ ಬೀಳ್ಕೊಡಲು ಯಾವ ಬಾಳಿದ್ದಿತು?

ನಾಲ್ಕನೆಯ ಆಕ್ಷೇಪ ಖರ್ಚಿನದು. ಇದೊಂದು ಮಾತಿನಲ್ಲಿ ಆಕ್ಷೇಪಕರ ಪಕ್ಕದಲ್ಲಿ ನಾವು ನಿಲ್ಲುತ್ತೇವೆ. ಆದರೆ ಅವರ ಕಾರಣಕ್ಕಾಗಿ ಅಲ್ಲ. 2018ರಲ್ಲಿ ಬಂದ ‘ವೀರೇ ದಿ ವೆಡ್ಡಿಂಗ್’ ಎಂಬ ಹಿಂದೀ ಚಿತ್ರದಲ್ಲಿ ನಾಲ್ವರು ಗೆಳತಿಯರು ಥಾಯ್ಲೆಂಡಿನ ಫುಕೆಟ್ಟಿಗೆ ಹೋಗುತ್ತಾರೆ. ಅಂಥ ಚಿತ್ರಗಳನ್ನು ನೋಡಿ, ಒಂದೇ ಬಣ್ಣದ ಉಡುಪು, ಇಂಗ್ಲಿಷಿನಲ್ಲಿ ಅಚ್ಚುಹಾಕಿದ ಎದೆಪಟ್ಟಿ, ಬಲೂನು, ಬಾಡಿಗೆಯ ಉದ್ದ ಕಾರು ಎಂದು ಕಟ್ಟಿಟ್ಟ ಸಂತೋಷವನ್ನು ಕಟ್ಟಿಟ್ಟ ಬೆಲೆಗೆ ಮಾರುವ ವ್ಯಾಪಾರ ಬೆಳೆದಿದೆ. ಅದಕ್ಕೆ ಸಾಲ ಮಾಡುವ ಗೆಳತಿಯ ಕಷ್ಟವನ್ನು ಯಾರೂ ಎಣಿಸುವುದಿಲ್ಲ. ಸಂಬಳ ಬಾರದವಳು, ತಮ್ಮನ ಶುಲ್ಕ ಕಟ್ಟಬೇಕಾದವಳು, ಇಲ್ಲವೆನ್ನಲು ನಾಚಿ ಒಪ್ಪಿಕೊಳ್ಳುತ್ತಾಳೆ. ಇಲ್ಲವೇ ಸುಳ್ಳು ನೆವ ಹೇಳಿ ಹಿಂದೆ ಉಳಿಯುತ್ತಾಳೆ. ಗೆಳತಿಯರನ್ನು ಒಂದುಗೂಡಿಸಲೆಂದು ಹುಟ್ಟಿದ ಕೂಟ ಅವರಲ್ಲಿ ಬಡವರನ್ನು ಬೇರ್ಪಡಿಸಿದರೆ, ಅದು ನಾವು ಎತ್ತಿಹಿಡಿಯುವ ಕೂಟವಲ್ಲ.

ಆದುದರಿಂದ ಯೋಜನೆ ಚೆನ್ನಾಗಿರಬೇಕು. ನಮ್ಮ ಮೊದಲ ಸೂತ್ರ ಇದು: ಎಲ್ಲರಿಗಿಂತ ಕಡಮೆ ಗಳಿಸುವವಳು ಮೊದಲು ತನ್ನ ಮೊತ್ತವನ್ನು ಹೇಳಲಿ; ಅದೇ ಎಲ್ಲರ ಮಿತಿಯಾಗಲಿ. ಏಳು ಮಂದಿಯಲ್ಲಿ ಆಕೆ 1500 ರೂಪಾಯಿ ಕೊಡಬಲ್ಲಳಾದರೆ, ಒಟ್ಟು 10,500 ರೂಪಾಯಿಗಳಲ್ಲಿ ಎರಡು ದಿನವನ್ನು ಹೊಂದಿಸಬೇಕು. ವಧುವಿನ ಪಾಲನ್ನು ಉಳಿದವರು ಹೊರುವುದಾದರೆ, ಅದನ್ನೂ ಮೊದಲೇ ಹೇಳಿ ಆರರಿಂದ ಭಾಗಿಸಬೇಕು. ಎರಡನೆಯದು, ಯಾರಿಗೆ ಯಾವುದು ಒಗ್ಗದೋ ಅದನ್ನು ಬೇಡವೆನ್ನಲು ಅವಳಿಗೆ ಹಕ್ಕಿರಬೇಕು; ತಿನ್ನುವುದರಲ್ಲಿ, ಕುಡಿಯುವುದರಲ್ಲಿ, ಕುಣಿಯುವುದರಲ್ಲಿ ಬಲವಂತ ಕೂಡದು. ಮೂರನೆಯದು, ವಸತಿಯ ವಿಳಾಸ ಮನೆಯವರ ಕೈಯಲ್ಲಿರಲಿ. ಗುರುತಿನ ಚೀಟಿ ಪ್ರತಿಯೊಬ್ಬಳ ಬಳಿ ಇರಲಿ. 112 ಎಂಬ ಸಹಾಯವಾಣಿಯ ಸಂಖ್ಯೆ ನೆನಪಿರಲಿ. ನಾಲ್ಕನೆಯದು, ತೆಗೆದ ಚಿತ್ರಗಳನ್ನು ಅದರಲ್ಲಿರುವವರೆಲ್ಲರ ಒಪ್ಪಿಗೆಯಿಲ್ಲದೆ ಹೊರಗೆ ಹಂಚಬಾರದು.

ದಾರಿಯೂ ಈಗ ಸುಲಭವಾಗಿದೆ. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರು. ಅತ್ತಿಬೆಲೆ, ಚಂದಾಪುರಗಳನ್ನು ಬಸ್ಸಿನಲ್ಲಿ ದಾಟಿ ಬೊಮ್ಮಸಂದ್ರದಲ್ಲಿ ಇಳಿದರೆ, 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗದ ಮೆಟ್ರೋ ರೈಲು ಆರ್.ವಿ. ರಸ್ತೆಗೆ ಒಯ್ಯುತ್ತದೆ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಎರಡನೆಯ ನಿಲ್ದಾಣವೇ ಲಾಲ್‌ಬಾಗು. ಇಲ್ಲಿ ಗಡಿನಾಡಿನ ಒಂದು ವಿಚಿತ್ರವನ್ನು ಹೇಳದಿರಲಾರೆವು. 2021ರಿಂದ ತಮಿಳುನಾಡಿನ ಸಾಮಾನ್ಯ ನಗರ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. 2023ರ ಜೂನ್ 11ರಂದು ಕರ್ನಾಟಕದಲ್ಲಿಯೂ ‘ಶಕ್ತಿ’ ಯೋಜನೆ ಬಂದಿತು. ಆದರೆ ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಹೀಗಾಗಿ ಮನೆಯಲ್ಲಿ ಕನ್ನಡವಾಡುವ, ಕನ್ನಡದಲ್ಲಿ ಓದಿದ ನಮ್ಮ ಹುಡುಗಿ ಕನ್ನಡದ ರಾಜಧಾನಿಯಲ್ಲಿ ಟಿಕೆಟ್ಟು ಕೊಳ್ಳಬೇಕು. ಕೊಳ್ಳಲಿ, ಆಕೆಗೆ ಅಲ್ಲಿ ಹಕ್ಕಿದೆಯೆಂಬುದು ಟಿಕೆಟ್ಟಿನಿಂದ ನಿರ್ಧಾರವಾಗುವುದಿಲ್ಲ.

ಈ ಹಕ್ಕಿನ ಮಾತನ್ನು ನಾವು ಒತ್ತಿ ಹೇಳುತ್ತೇವೆ. ತಮಿಳುನಾಡಿನ ಗಡಿಯೊಳಗೆ ಕನ್ನಡ ಶಾಲೆಯಲ್ಲಿ ಕಲಿತವಳಿಗೆ, ತನ್ನ ಭಾಷೆ ದೊಡ್ಡ ನಗರವೊಂದರಲ್ಲಿ ಬದುಕುತ್ತಿರುವುದನ್ನು ಕಣ್ಣಾರೆ ಕಾಣುವುದು ಸಣ್ಣ ಲಾಭವಲ್ಲ. ಹೈದರಾಲಿ 1760ರಲ್ಲಿ ತೊಡಗಿಸಿದ ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು ಕಳೆದು, 1889ರ ಗಾಜಿನ ಮನೆಯನ್ನು ನೋಡಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು, ಚಿಕ್ಕಪೇಟೆಯಲ್ಲಿ ಸೀರೆ ಆರಿಸಿ, ಸಂಜೆ ಜೆ.ಪಿ. ನಗರದ ರಂಗಶಂಕರದಲ್ಲಿಯೋ ರವೀಂದ್ರ ಕಲಾಕ್ಷೇತ್ರದಲ್ಲಿಯೋ ಕನ್ನಡ ನಾಟಕವನ್ನು ಕಂಡು, ರಾತ್ರಿಯೆಲ್ಲ ಮಾತಾಡುತ್ತ ಕುಳಿತರೆ ಅದು ಯಾವ ಫುಕೆಟ್ಟಿಗೆ ಕಡಮೆ? ಸಂಗೀತ ಕೇಳಿ ಕುಣಿಯಬೇಕೆನಿಸಿದರೆ ಕುಣಿಯಲಿ. ಮದುವೆಯ ಮೆರವಣಿಗೆಯಲ್ಲಿ ಬೀದಿಯಲ್ಲಿ ಕುಣಿಯುವ ಗಂಡಸರಿಗಿಂತ ಅವರೇನೂ ಕೆಟ್ಟದಾಗಿ ಕುಣಿಯಲಾರರು.

ಉಪಾಧ್ಯಾಯರಲ್ಲಿ ನಮ್ಮದೊಂದು ಬಿನ್ನಹವಿದೆ. ಮೇಲಿನ ತರಗತಿಯ ಹುಡುಗಿಯರಿಗೂ ಹುಡುಗರಿಗೂ ಎರಡು ದಿನದ ಪ್ರವಾಸವೊಂದನ್ನು ಯೋಜಿಸುವ ಪಾಠವನ್ನು ಕೊಡಿರಿ. ದಾರಿ, ಹೊತ್ತು, ಖರ್ಚು, ತಲೆಗೆ ಬೀಳುವ ಪಾಲು, ಆಪತ್ತಿನಲ್ಲಿ ಏನು ಮಾಡಬೇಕು ಎಂಬುದನ್ನೆಲ್ಲ ಅವರೇ ಬರೆಯಲಿ. ಭೂಗೋಳ, ಗಣಿತ, ಪ್ರಬಂಧ ಮೂರೂ ಅದರಲ್ಲಿ ಅಡಗಿವೆ. ಅದೇ ಪಾಠದಲ್ಲಿ, ವಯಸ್ಸು ತುಂಬದ ಗೆಳತಿಗೆ ಮದುವೆ ಗೊತ್ತುಮಾಡಿದುದು ಕಿವಿಗೆ ಬಿದ್ದರೆ 1098ಕ್ಕೆ ಕರೆಮಾಡಬೇಕೆಂಬುದನ್ನೂ ಕಲಿಸಿರಿ. ಅನಸೂಯೆ ಪ್ರಿಯಂವದೆಯರ ಕೆಲಸ ಅದು.

ಹಿರಿಯರಿಗೆ ಹೇಳುವುದು ಇಷ್ಟೆ. ಹೆಣ್ಣುಮಗಳು ಮೂವತ್ತು ನಲವತ್ತು ವರ್ಷಗಳ ಸಂಸಾರವನ್ನು ನಡೆಸಬಲ್ಲಳೆಂದು ನಂಬಿ ಅವಳನ್ನು ಧಾರೆಯೆರೆಯುತ್ತೀರಿ. ಎರಡು ದಿನದ ಪ್ರಯಾಣವನ್ನು ನಡೆಸಬಲ್ಲಳೆಂದು ನಂಬಲಾರಿರಾದರೆ ಧಾರೆಯನ್ನು ಮುಂದೂಡಿರಿ. ನಂಬುವಿರಾದರೆ ಬಸ್ಸಿನವರೆಗೆ ಬಂದು ಬೀಳ್ಕೊಟ್ಟು ಹೋಗಿರಿ.