ಸಂಪ್ರದಾಯರಕ್ಷಣೆಯೂ ಸಭಾಮರ್ಯಾದೆಯೂ

‘ಸಂಪ್ರದಾಯ’ವೆಂಬ ಶಬ್ದವು ಕೊಡುವುದೆಂಬ ಅರ್ಥವುಳ್ಳ ‘ದಾ’ ಧಾತುವಿನಿಂದ ಹುಟ್ಟಿದುದು. ಹಿಂದಿನವರು ಚೆನ್ನಾಗಿ ಕೊಟ್ಟುದು, ಇಂದಿನವರು ಕೆಡಿಸದೆ ಮುಂದಿನವರಿಗೆ ಕೊಡತಕ್ಕುದು, ಇದೇ ಆ ಶಬ್ದದ ಹುರುಳು. ಹಳೆಯದೆಲ್ಲವೂ ಸಂಪ್ರದಾಯವಲ್ಲ, ಹಳೆಯದರ ಹೆಸರನ್ನು ಗಟ್ಟಿಯಾಗಿ ಕೂಗುವುದಂತೂ ಸಂಪ್ರದಾಯವಲ್ಲವೇ ಅಲ್ಲ. ಕೊಟ್ಟುದನ್ನು ಕೈಯೊಡ್ಡಿ ಪಡೆದು, ಧೂಳು ಕೊಡಹಿ, ಹುಳು ಹಿಡಿಯದಂತೆ ಕಾಯ್ದು, ಹಾಗೆಯೇ ಮಕ್ಕಳ ಕೈಗಿಡುವವನೇ ಸಂಪ್ರದಾಯರಕ್ಷಕನು. ಸಂಪ್ರದಾಯದ ಹೆಸರಿನಲ್ಲಿ ಮತವನ್ನು ಬೇಡಿ ಶಾಸನಸಭೆಯನ್ನು ಸೇರಿದವರ ನಡೆಯನ್ನು ಈ ಲಕ್ಷಣದ ಒರೆಗಲ್ಲಿಗೆ ಹಚ್ಚಿ ನೋಡುವುದು ವಿದ್ಯಾವಂತರಾದ ಗೃಹಸ್ಥರ ಕರ್ತವ್ಯವು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕ್ಷೇತ್ರಗಳೂ ೨೦೧೮ರಲ್ಲಿ ಒಂದು ಸಲ, ೨೦೨೩ರಲ್ಲಿ ಮರಳಿ ಒಂದು ಸಲ, ಭಾರತೀಯ ಜನತಾ ಪಕ್ಷದ ಅಭ್ಯರ್ಥಿಗಳನ್ನೇ ಆರಿಸಿ ಕಳುಹಿದವು. ಬಂಟ್ವಾಳದಿಂದ ರಾಜೇಶ ನಾಯ್ಕರು, ಬೆಳ್ತಂಗಡಿಯಿಂದ ಹರೀಶ ಪೂಂಜರು, ಮೂಡುಬಿದಿರೆಯಿಂದ ಉಮಾನಾಥ ಕೋಟ್ಯಾನರು ಎರಡು ಬಾರಿಯೂ ಗೆದ್ದವರು. ಗೋರಕ್ಷಣೆ, ಮತಾಂತರಕ್ಕೆ ತಡೆ, ಧರ್ಮದ ಆಧಾರದ ಮೀಸಲಾತಿಗೆ ವಿರೋಧ, ಕಂಬಳದಂತಹ ನಾಡಿನ ಆಚಾರಗಳ ಪೋಷಣೆ, ಇವು ಅವರ ಪಕ್ಷದ ನಿಲುವುಗಳೆಂಬುದು ಸರ್ವವಿದಿತವು. ಈ ನಿಲುವುಗಳು ಸಾಧುವೋ ಅಸಾಧುವೋ ಎಂಬುದು ಇಲ್ಲಿಯ ವಿಚಾರವಲ್ಲ. ಜನರು ಎರಡು ಸಲ ಒಪ್ಪಿ ಕಳುಹಿದ ನಿಲುವುಗಳಿಗೆ ಸಭೆಯಲ್ಲಿ ಸ್ಥಾನವಿರಲೇ ಬೇಕು. ಆ ನಿಲುವುಗಳನ್ನು ಹೊತ್ತುಕೊಂಡು ಹೋದವರು ಸಭೆಯ ಬಾಗಿಲನ್ನು ದಾಟಿದ ಮೇಲೆ ಅವುಗಳಿಗಾಗಿ ಏನನ್ನು ಮಾಡಿದರೆಂಬುದೇ ಪ್ರಶ್ನೆಯು.

ಮೂಡುಬಿದಿರೆಯ ಪ್ರತಿನಿಧಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ೧೯೯೯ರಿಂದ ನಾಲ್ಕು ಚುನಾವಣೆಗಳಲ್ಲಿ ಎಡೆಬಿಡದೆ ಗೆದ್ದಿದ್ದ ಕಾಂಗ್ರೆಸ್ಸಿನ ಅಭಯಚಂದ್ರ ಜೈನರನ್ನು ೨೦೧೮ರಲ್ಲಿ ಸೋಲಿಸಿ ಕೋಟ್ಯಾನರು ಸಭೆಯನ್ನು ಸೇರಿದರು. ೨೦೧೩ರಲ್ಲಿ ಅವರೇ ಜೈನರೆದುರು ಸೋತಿದ್ದರು. ಸೋತವರು ಐದು ವರ್ಷ ತಾಳ್ಮೆಯಿಂದ ಕಾದು ಗೆದ್ದುದು ಮೆಚ್ಚತಕ್ಕ ಸಂಗತಿಯೇ. ಆದರೆ ೨೦೨೩ರ ಮೇ ತಿಂಗಳಿನಲ್ಲಿ ಎರಡನೆಯ ಸಲ ಆಯ್ಕೆಯಾಗಿ ವಿರೋಧಪಕ್ಷದಲ್ಲಿ ಕುಳಿತ ಮೇಲೆ, ಎರಡು ವರ್ಷಗಳು ತುಂಬುವುದರೊಳಗೆ ಅವರ ಹೆಸರು ಎರಡು ಸಲ ಅಮಾನತಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ೨೦೨೩ರ ಜುಲೈ ೧೯ರಂದು, ಬೆಂಗಳೂರಿನಲ್ಲಿ ನೆರೆದ ವಿರೋಧಪಕ್ಷಗಳ ನಾಯಕರ ಆತಿಥ್ಯಕ್ಕೆ ಐ.ಎ.ಎಸ್. ಅಧಿಕಾರಿಗಳನ್ನು ನೇಮಿಸಿದರೆಂಬ ಕಾರಣದಿಂದ ಗದ್ದಲವೆದ್ದು, ಪೀಠದಲ್ಲಿದ್ದ ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿಯವರತ್ತ ಹರಿದ ಕಾಗದಗಳು ಹಾರಿದುವು. ಹತ್ತು ಮಂದಿ ಸದಸ್ಯರು ಆ ಅಧಿವೇಶನವು ಮುಗಿಯುವ ತನಕ ಹೊರಗುಳಿಯಬೇಕಾಯಿತು. ೨೦೨೫ರ ಮಾರ್ಚ್ ೨೧ರಂದು ಸಭಾಧ್ಯಕ್ಷ ಯು. ಟಿ. ಖಾದರರ ಪೀಠವನ್ನೇ ಏರಿ, ಮಸೂದೆಯ ಪ್ರತಿಗಳನ್ನು ಹರಿದು ತೂರಿದ ಪ್ರಸಂಗದಲ್ಲಿ ಹದಿನೆಂಟು ಮಂದಿಯನ್ನು ಆರು ತಿಂಗಳ ಕಾಲ ಅಮಾನತಿನಲ್ಲಿಡಲಾಯಿತು. ಎರಡು ಪಟ್ಟಿಗಳಲ್ಲಿಯೂ ಕೋಟ್ಯಾನರ ಹೆಸರಿತ್ತು. ಯಾರ ಕೈ ಯಾವ ಕಾಗದವನ್ನು ಹರಿಯಿತೆಂಬ ತನಿಖೆಯು ಇಲ್ಲಿ ಬೇಡ. ಸಂಪ್ರದಾಯಪಕ್ಷವೆಂದು ಕರೆಯಿಸಿಕೊಳ್ಳುವ ಒಂದು ಪಕ್ಷವೇ ಒಟ್ಟಾಗಿ ನಿಂತು ಆ ಕೆಲಸವನ್ನು ತನ್ನದೆಂದು ಸಮರ್ಥಿಸಿತೆಂಬುದೇ ಸಾಕು.

ಆ ಮಾರ್ಚ್ ೨೧ರ ದಿನ ಲಾಭವಾದುದು ಯಾರಿಗೆ? ಸರಕಾರದ ಗುತ್ತಿಗೆಗಳಲ್ಲಿ ಮುಸಲ್ಮಾನರಿಗೆ ನೂರಕ್ಕೆ ನಾಲ್ಕರ ಮೀಸಲಾತಿಯನ್ನು ಕೊಡುವ ಮಸೂದೆಯನ್ನು ಈ ಪಕ್ಷವು ಪ್ರಾಣಪಣವಾಗಿ ವಿರೋಧಿಸುತ್ತಿತ್ತು. ಅದು ಅದೇ ದಿನ, ಅದೇ ಗದ್ದಲದ ನಡುವೆ, ಅಂಗೀಕೃತವಾಯಿತು. ವಿರೋಧಿಸುವವರು ಕುಳಿತು ಒಂದೊಂದು ವಾಕ್ಯವನ್ನೂ ಪ್ರಶ್ನಿಸಿದ್ದರೆ, ತಿದ್ದುಪಡಿಗಳನ್ನು ಸೂಚಿಸಿದ್ದರೆ, ಮತಗಣನೆಯನ್ನು ಕೇಳಿದ್ದರೆ, ಉತ್ತರ ಕೊಡುವ ಶ್ರಮವು ಸರಕಾರದ ಪಾಲಿಗೆ ಬೀಳುತ್ತಿತ್ತು. ಗದ್ದಲವು ಆ ಶ್ರಮದಿಂದ ಸರಕಾರವನ್ನು ಬಿಡುಗಡೆ ಮಾಡಿತು. ಅದೇ ದಿನ, ಅದೇ ಗಲಭೆಯಲ್ಲಿ, ಶಾಸಕರ ತಿಂಗಳ ಸಂಬಳವನ್ನು ನಲವತ್ತು ಸಾವಿರದಿಂದ ಎಂಬತ್ತು ಸಾವಿರಕ್ಕೆ ಏರಿಸುವ ಮಸೂದೆಯೂ ಚರ್ಚೆಯಿಲ್ಲದೆ ದಾಟಿಹೋಯಿತು. ಅಡಿಕೆಯ ತೋಟಕ್ಕೆ ಕೊಳೆರೋಗ ಬಂದ ವರ್ಷ ಸಾಲದ ಕಂತಿಗೆ ತಡಕಾಡುವ ಗೃಹಸ್ಥನು ಇದನ್ನು ನೆನಪಿಟ್ಟುಕೊಳ್ಳುವನು. ತನ್ನ ಪ್ರತಿನಿಧಿಯು ವಿರೋಧಿಸಿದುದೂ ಅಂಗೀಕೃತವಾಯಿತು, ಪ್ರತಿನಿಧಿಯ ಸಂಬಳ ಇಮ್ಮಡಿಯಾದುದೂ ಅಂಗೀಕೃತವಾಯಿತು. ಎರಡಕ್ಕೂ ಒಂದು ಮಾತಿನ ವೆಚ್ಚವಾಗಲಿಲ್ಲ.

ಈ ತುಳುನಾಡಿನಲ್ಲಿ ವಾದವೆಂದರೇನೆಂಬುದನ್ನು ತಿಳಿಯದವರಿಲ್ಲ. ತಾಳಮದ್ದಳೆಯ ಕೂಟದಲ್ಲಿ ಬಯಲಿನ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದವೂ ಅರ್ಥಧಾರಿಯ ಮಾತೂ ಮಾತ್ರವೇ. ಕೃಷ್ಣನಿಗೂ ಕೌರವನಿಗೂ ರಾತ್ರಿಯಿಡೀ ವಾಗ್ಯುದ್ಧವು ನಡೆಯುವುದು. ಒಬ್ಬನು ಮತ್ತೊಬ್ಬನನ್ನು ಚುಚ್ಚುವನು, ಕೆಣಕುವನು, ಮಾತಿನ ಬಲೆಗೆ ಕೆಡಹುವನು. ಆದರೆ ಸೋಲು ಎದುರಾಯಿತೆಂದು ಅರ್ಥಧಾರಿಯು ಎದ್ದು ಹೋಗಿ ಭಾಗವತರ ಪ್ರಸಂಗದ ಪುಸ್ತಕವನ್ನು ಹರಿದು ಅವರ ಮುಖಕ್ಕೆಸೆದರೆ, ಮರುವರ್ಷ ಆತನಿಗೆ ವೀಳ್ಯ ಕೊಡುವ ಸಂಘವಾದರೂ ಈ ಮೂರು ತಾಲೂಕುಗಳಲ್ಲಿ ದೊರಕೀತೆ? ನ್ಯಾಯಶಾಸ್ತ್ರವು ಕಥೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಭಾಗಿಸಿದೆ. ತತ್ತ್ವನಿರ್ಣಯಕ್ಕಾಗಿ ಆಡುವುದು ವಾದವು. ಗೆಲುವಿಗಾಗಿ ಆಡುವುದು ಜಲ್ಪವು. ತನ್ನದೆಂಬ ಪಕ್ಷವಿಲ್ಲದೆ ಎದುರಿನವನನ್ನು ಖಂಡಿಸುವುದಷ್ಟೇ ವಿತಂಡಾ. ಮೂರರಲ್ಲಿ ಕಡೆಯದಾದ ವಿತಂಡೆಯೂ ಮಾತಿನಿಂದಲೇ ನಡೆಯತಕ್ಕುದು. ಕಾಗದ ಹರಿಯುವುದನ್ನು ಗೌತಮಮಹರ್ಷಿಯು ಯಾವ ವರ್ಗದಲ್ಲಿಯೂ ಸೇರಿಸಿಲ್ಲ.

ಇಲ್ಲಿ ಮೂರು ಪೂರ್ವಪಕ್ಷಗಳು ಏಳುವುವು. ಎದುರಿನ ಪಕ್ಷದವರೇನು ಸಾಧುಗಳೇ ಎಂಬುದು ಮೊದಲನೆಯದು. ಅಲ್ಲ, ೨೦೨೦ರ ದಶಂಬರದಲ್ಲಿ ವಿಧಾನಪರಿಷತ್ತಿನ ಉಪಸಭಾಪತಿ ಎಸ್. ಎಲ್. ಧರ್ಮೇಗೌಡರನ್ನು ಕಾಂಗ್ರೆಸ್ಸಿನ ಸದಸ್ಯರು ಪೀಠದಿಂದ ಎಳೆದುಹಾಕಿದ ಲಜ್ಜಾಸ್ಪದವಾದ ದೃಶ್ಯವನ್ನು ನಾಡೆಲ್ಲವೂ ಕಂಡಿತು. ಆದರೆ ನೆರೆಯವನು ಕಟ್ಟಪುಣಿಯನ್ನು ಕಡಿದನೆಂದು ತನ್ನ ಗದ್ದೆಯ ಕಟ್ಟಪುಣಿಯನ್ನೂ ಕಡಿದುಕೊಳ್ಳುವವನನ್ನು ಬೇಸಾಯಗಾರನೆನ್ನುವುದಿಲ್ಲ. ಅದಲ್ಲದೆ, ಎದುರಿನವರು ಸಂಪ್ರದಾಯದ ಹೆಸರಿನಲ್ಲಿ ಮತ ಕೇಳಿದವರಲ್ಲ. ಕೇಳಿದವರ ಮೇಲೆ ಹೊಣೆಯು ಹೆಚ್ಚು.

ಆರು ತಿಂಗಳ ಅಮಾನತು ಅತಿಯಾಯಿತೆಂಬುದು ಎರಡನೆಯ ಪೂರ್ವಪಕ್ಷವು. ಇದು ಬಲವುಳ್ಳ ಮಾತು. ಮಹಾರಾಷ್ಟ್ರದ ಹನ್ನೆರಡು ಮಂದಿ ಶಾಸಕರನ್ನು ಒಂದು ವರ್ಷ ಹೊರಗಿರಿಸಿದುದನ್ನು ಸುಪ್ರೀಂ ಕೋರ್ಟು ೨೦೨೨ರ ಜನವರಿಯಲ್ಲಿ ರದ್ದುಪಡಿಸಿ, ಅಧಿವೇಶನವು ಮುಗಿದ ಮೇಲೆಯೂ ಅಮಾನತು ಮುಂದುವರಿಯುವುದು ಸಂವಿಧಾನಕ್ಕೆ ಸಮ್ಮತವಲ್ಲವೆಂದು ತೀರ್ಮಾನಿಸಿತ್ತು. ಕರ್ನಾಟಕದ ಸಭೆಯು ಇದನ್ನು ಮರೆತುದು ತಪ್ಪು. ೨೦೨೫ರ ಮೇ ತಿಂಗಳಿನಲ್ಲಿ ಆ ಅಮಾನತನ್ನು ಹಿಂದೆಗೆದುದು ಉಚಿತವು. ಕ್ಷೇತ್ರದ ಜನರ ನಾಲಗೆಯನ್ನು ಅರ್ಧ ವರ್ಷ ಕಟ್ಟಿಹಾಕುವ ಅಧಿಕಾರವು ಯಾರಿಗೂ ಇರಬಾರದು. ಆದರೆ ದಂಡನೆಯು ಹೆಚ್ಚಾಯಿತೆಂಬುದರಿಂದ ಅಪರಾಧವು ಇಲ್ಲವಾಗದು. ಜನರ ನಾಲಗೆಯನ್ನು ಮೊದಲು ಕಟ್ಟಿದವರು ಯಾರು? ಮಾತನಾಡಲು ಕಳುಹಿಸಲ್ಪಟ್ಟು ಮಾತನ್ನು ಬಿಟ್ಟವರೇ ಅಲ್ಲವೆ?

ಬಹುಮತವು ಸರಕಾರದ ಕೈಯಲ್ಲಿರುವಾಗ ಮಾತಿನಿಂದ ಫಲವೇನೆಂಬುದು ಮೂರನೆಯದು. ಇದಕ್ಕೆ ಮಹಾಭಾರತದ ಸಭಾಪರ್ವವೇ ಉತ್ತರವು. ದ್ರೌಪದಿಯು ಕೇಳಿದ ಧರ್ಮಪ್ರಶ್ನೆಗೆ ಹಿರಿಯರು ಸರಿಯಾದ ಉತ್ತರವನ್ನು ಕೊಡದೆ ಕುಳಿತಿದ್ದಾಗ, ಕೌರವರ ಸಾಲಿನಿಂದಲೇ ವಿಕರ್ಣನು ಎದ್ದು ನ್ಯಾಯವನ್ನು ನುಡಿದನು. ಆ ದಿನ ಅವನ ಮಾತು ನಡೆಯಲಿಲ್ಲ. ಕರ್ಣನು ಅವನನ್ನು ಗದರಿಸಿ ಕೂರಿಸಿದನು. ಆದರೂ ಆ ಮಾತು ಇಂದಿಗೂ ಉಳಿದಿದೆ. ಅಲ್ಪಸಂಖ್ಯೆಯವರ ಮಾತು ಆ ದಿನದ ಮತಗಣನೆಗಾಗಿ ಅಲ್ಲ. ನಡವಳಿಯ ಪುಸ್ತಕದಲ್ಲಿ ಉಳಿಯುವುದಕ್ಕೆ, ರಾಜ್ಯಪಾಲರೂ ನ್ಯಾಯಾಲಯವೂ ಮುಂದಿನ ಚುನಾವಣೆಯ ಮತದಾರರೂ ಓದುವುದಕ್ಕೆ. ಆ ಗುತ್ತಿಗೆ ಮಸೂದೆಯನ್ನು ರಾಜ್ಯಪಾಲರು ೨೦೨೫ರ ಏಪ್ರಿಲಿನಲ್ಲಿ ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ಆಗ ಅವರ ಮುಂದೆ ವಿರೋಧಪಕ್ಷದ ತರ್ಕಬದ್ಧವಾದ ಚರ್ಚೆಯು ಸಂಪುಟವಾಗಿ ಇರಬೇಕಾಗಿತ್ತು. ಇದ್ದುದು ಗದ್ದಲವೆಂಬ ಒಂದು ಶಬ್ದವು ಮಾತ್ರ.

ಸಂಪ್ರದಾಯವನ್ನು ಸಭೆಯ ಮೂಲಕ ರಕ್ಷಿಸಬಹುದೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ಪ್ರಮಾಣವಿದೆ. ೨೦೧೬ರ ನವಂಬರದಲ್ಲಿ ಹೈಕೋರ್ಟಿನ ಆಜ್ಞೆಯಿಂದ ಕಂಬಳವು ನಿಂತಿತು. ಕೋಣಗಳ ಯಜಮಾನರೂ ಓಟಗಾರರೂ ಮನವಿಗಳನ್ನು ಕೊಟ್ಟರು. ೨೦೧೭ರಲ್ಲಿ ವಿಧಾನಸಭೆಯು ಪಕ್ಷಭೇದವಿಲ್ಲದೆ ಪ್ರಾಣಿಹಿಂಸಾನಿವಾರಣೆಯ ಕಾಯಿದೆಗೆ ತಿದ್ದುಪಡಿಯನ್ನು ಒಪ್ಪಿತು. ಕೇಂದ್ರದವರ ಆಕ್ಷೇಪಕ್ಕೆ ತಕ್ಕಂತೆ ಅದನ್ನು ಮತ್ತೆ ತಿದ್ದಿ, ೨೦೧೮ರಲ್ಲಿ ರಾಷ್ಟ್ರಪತಿಗಳ ಅಂಕಿತವನ್ನು ಪಡೆದುದಾಯಿತು. ೨೦೨೩ರ ಮೇ ೧೮ರಂದು ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ಆಗ ಆಡಳಿತದಲ್ಲಿದ್ದುದು ಕಾಂಗ್ರೆಸ್ಸು, ವಿರೋಧದಲ್ಲಿದ್ದುದು ಭಾ.ಜ.ಪ. ಇಬ್ಬರೂ ಕೂಡಿ, ಮಾತಿನಿಂದಲೂ ಬರೆಹದಿಂದಲೂ ತಾಳ್ಮೆಯಿಂದಲೂ ಒಂದು ಆಚಾರವನ್ನು ಉಳಿಸಿದರು. ಇಂದು ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆಯಲ್ಲಿ ಕೋಣಗಳು ಓಡುತ್ತಿರುವುದು ಆ ತಾಳ್ಮೆಯ ಫಲವಾಗಿ.

ಇದಕ್ಕೆ ಪ್ರತಿಯಾಗಿ ಗೋರಕ್ಷಣೆಯ ಕಾಯಿದೆಯನ್ನು ನೋಡಬೇಕು. ೨೦೨೦ರ ದಶಂಬರದಲ್ಲಿ ಭಾ.ಜ.ಪ.ವೇ ಆಡಳಿತದಲ್ಲಿತ್ತು, ಮೂರು ಕ್ಷೇತ್ರಗಳ ಪ್ರತಿನಿಧಿಗಳೂ ಆಡಳಿತಪಕ್ಷದ ಪೀಠಗಳಲ್ಲಿದ್ದರು. ತಾವು ಪರಮಪವಿತ್ರವೆಂದು ಹೇಳುವ ಆ ಮಸೂದೆಯನ್ನು ವಿರೋಧಿಗಳ ಗದ್ದಲ, ಬಹಿಷ್ಕಾರಗಳ ನಡುವೆ ಚರ್ಚೆಯಿಲ್ಲದೆ ದಾಟಿಸಿದರು. ಪರಿಷತ್ತಿನಲ್ಲಿ ಅದು ನಿಂತುಹೋಗಲು, ೨೦೨೧ರ ಜನವರಿಯಲ್ಲಿ ಸುಗ್ರೀವಾಜ್ಞೆಯ ದಾರಿಯನ್ನು ಹಿಡಿದರು. ಆ ಕಾಯಿದೆಯಲ್ಲಿ ಮೂರರಿಂದ ಏಳು ವರ್ಷಗಳ ಸೆರೆಯಿದೆ. ಹದಿಮೂರು ವರ್ಷ ದಾಟಿದ ಕೋಣ ಎಮ್ಮೆಗಳಿಗೆ ಮಾತ್ರ ವಿನಾಯಿತಿಯಿದೆ. ಮಿಶ್ರತಳಿಯ ಹಸುವನ್ನು ಸಾಕಿ ಡೇರಿಗೆ ಹಾಲೆರೆಯುವ ಬೆಳ್ತಂಗಡಿಯ ಬಡ ಒಕ್ಕಲಿಗಿತ್ತಿಯು ಹುಟ್ಟಿದ ಗಂಡುಕರುವನ್ನು ಏನು ಮಾಡಬೇಕು? ಹಾಲು ಬತ್ತಿದ ಹಸುವಿನ ಮೇವಿನ ವೆಚ್ಚವನ್ನು ಯಾರು ಹೊರಬೇಕು? ಗೋಶಾಲೆಗಳಿಗೆ ಬೊಕ್ಕಸದಿಂದ ಎಷ್ಟು? ಗೋವನ್ನು ನಿಜವಾಗಿ ಪ್ರೀತಿಸುವವನು ಈ ಪ್ರಶ್ನೆಗಳನ್ನು ತಾನೇ ಎತ್ತಿ, ತಾನೇ ಉತ್ತರ ಹುಡುಕಿ, ಕಾಯಿದೆಯನ್ನು ಗಟ್ಟಿಮಾಡುತ್ತಿದ್ದನು. ಆಡಳಿತದಲ್ಲಿದ್ದಾಗಲೂ ಚರ್ಚೆಯು ಬೇಡ, ವಿರೋಧದಲ್ಲಿದ್ದಾಗಲೂ ಚರ್ಚೆಯು ಬೇಡವೆಂದಾದರೆ ಸಭೆಯು ಬೇಕಾದುದು ಯಾವಾಗ?

ಸಭೆಯ ಮರ್ಯಾದೆಯು ಈ ಪ್ರಾಂತಕ್ಕೆ ಹೊರಗಿನಿಂದ ಬಂದ ವಸ್ತುವಲ್ಲ. ಬೆಳ್ತಂಗಡಿಯಿಂದ ಆರಿಸಿಹೋದ ವೈಕುಂಠ ಬಾಳಿಗರು ೧೯೬೨ರಿಂದ ೧೯೬೮ರ ತನಕ ಅಂದಿನ ಮೈಸೂರು ರಾಜ್ಯದ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದರು. ಉಡುಪಿಯ ಕಾನೂನು ಕಾಲೇಜು ಅವರ ಹೆಸರನ್ನು ಹೊತ್ತಿದೆ. ಇನ್ನು ಸಂಪ್ರದಾಯಪಕ್ಷದ ಚರಿತ್ರೆಯನ್ನೇ ನೋಡಿದರೆ, ೧೯೮೫ರಲ್ಲಿ ೨೨೪ ಮಂದಿಯ ಸಭೆಗೆ ಭಾ.ಜ.ಪ.ದಿಂದ ಗೆದ್ದವರು ಇಬ್ಬರೇ. ಶಿಕಾರಿಪುರದ ಯಡಿಯೂರಪ್ಪನವರು ಒಬ್ಬರು, ಬೆಳ್ತಂಗಡಿಯ ವಸಂತ ಬಂಗೇರರು ಮತ್ತೊಬ್ಬರು. ಬಂಗೇರರು ಅನಂತರ ಪಕ್ಷವನ್ನು ಬಿಟ್ಟು, ಜನತಾದಳದಿಂದಲೂ ಕಾಂಗ್ರೆಸ್ಸಿನಿಂದಲೂ ಶಾಸಕರಾಗಿ, ೨೦೨೪ರಲ್ಲಿ ತೀರಿಕೊಂಡರು. ಇಬ್ಬರೇ ಎದ್ದು ಕೂಗಿದರೆ ಗದ್ದಲವೆನ್ನುವವರಾರು? ಆ ಸಂಖ್ಯೆಯ ಪಕ್ಷಕ್ಕೆ ಮಾತೊಂದೇ ಆಯುಧವಾಗಿತ್ತು. ಇಂದು ಅರುವತ್ತಾರು ಮಂದಿ ಗೆದ್ದುಬಂದ ಪಕ್ಷಕ್ಕೆ ಆ ಆಯುಧವು ತುಕ್ಕು ಹಿಡಿದುದು ಸಂಖ್ಯೆಯ ಮದದಿಂದಲ್ಲದೆ ಮತ್ತೇತರಿಂದ?

ಕಡೆಗೆ ಮೂಡುಬಿದಿರೆಯ ಕಡೆಗೇ ತಿರುಗಬೇಕು. ಸಾವಿರ ಕಂಬದ ಬಸದಿಯ ಆ ಊರಿನಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳೆಯೋಲೆಗಳು ಶತಮಾನಗಳ ಕಾಲ ಗುರುಬಸದಿಯಲ್ಲಿ ಉಳಿದು ಬಂದುವು. ರಾಜರು ಬಂದರು, ಹೋದರು. ಮಳೆಗಾಲಗಳು ಬಂದುವು, ಗೆದ್ದಲು ಬಂದಿತು. ಓಲೆಗಳನ್ನು ಹಲವು ತಲೆಮಾರುಗಳವರು ಕಾಯ್ದರು. ಅನಂತರ ಒಂದೊಂದೇ ಅಕ್ಷರವನ್ನು ನೋಡಿ ಪ್ರತಿಮಾಡಿ, ಇಪ್ಪತ್ತನೆಯ ಶತಮಾನದಲ್ಲಿ ಮುದ್ರಣಕ್ಕೆ ಒಪ್ಪಿಸಿದರು. ಇದಲ್ಲವೆ ಸಂರಕ್ಷಣೆ? ಓಲೆಯ ಒಂದು ಎಸಳು ಮುರಿಯದಂತೆ ನೋಡಿಕೊಂಡ ಊರಿನ ಹೆಸರು, ಸಭೆಯಲ್ಲಿ ಕಾಗದ ಹರಿದವರ ಪಟ್ಟಿಯಲ್ಲಿ ಎರಡು ಸಲ ಓದಲ್ಪಟ್ಟಿತು. ಮತದಾರರು ಯಾವ ಪಕ್ಷದವರೇ ಆಗಿರಲಿ, ಇದು ಅವರ ಮುಖವನ್ನು ತಗ್ಗಿಸತಕ್ಕ ಸಂಗತಿಯು.

ಶಾಸಕರು ಬ್ರಹ್ಮಕಲಶಕ್ಕೆ ಬರುವರು, ನೇಮಕ್ಕೆ ಬರುವರು, ಮದುವೆಯ ಚಪ್ಪರಕ್ಕೂ ಬರುವರು. ಶಾಲು ಹೊದೆಸಿದರೆ ಸಂತೋಷದಿಂದ ಸ್ವೀಕರಿಸುವರು. ಬರಲಿ, ಅದು ಊರಿನ ಸೌಜನ್ಯವು. ಆದರೆ ಮುಂದಿನ ಸಲ ಶಾಲನ್ನು ಹೊದೆಸುವ ಮೊದಲು ಊರಿನ ಹಿರಿಯರೊಬ್ಬರು, ಕಳೆದ ಅಧಿವೇಶನದಲ್ಲಿ ಕೇಳಿದ ಪ್ರಶ್ನೆಗಳೆಷ್ಟು, ಸೂಚಿಸಿದ ತಿದ್ದುಪಡಿಗಳೆಷ್ಟು, ಆಡಿದ ಭಾಷಣವು ನಡವಳಿಯ ಯಾವ ಪುಟದಲ್ಲಿದೆಯೆಂದು ಸೌಮ್ಯವಾಗಿ ಕೇಳಲಿ. ಉತ್ತರವು ದೊರೆತರೆ ಶಾಲಿನ ಸಂಗಡ ಹಾರವನ್ನೂ ಹಾಕಬಹುದು. ದೊರೆಯದಿದ್ದರೆ, ಸಂಪ್ರದಾಯವನ್ನು ರಕ್ಷಿಸುವ ಕೆಲಸವು ಪ್ರತಿನಿಧಿಯಿಂದ ಮತದಾರರ ಕೈಗೇ ಮರಳಿ ಬಂದಿತೆಂದು ತಿಳಿಯತಕ್ಕುದು.