ಸೆರೆಮನೆಯ ಬೀಗದ ಕೈ

ಹೊಸೂರು ರಸ್ತೆಯಲ್ಲಿ ಇಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೋಗುವವರಿಗೆಲ್ಲ ಪರಪ್ಪನ ಅಗ್ರಹಾರದ ಹೆಸರು ಪರಿಚಿತವಾದುದೇ. ಊರ ನಡುವೆ ಶೇಷಾದ್ರಿ ರಸ್ತೆಯಲ್ಲಿದ್ದ ಹಳೆಯ ಸೆರೆಮನೆಯಿಂದ ಕೈದಿಗಳನ್ನು ಅಲ್ಲಿಗೆ ಸಾಗಿಸಿದುದು 2000ದಲ್ಲಿ. ಹಳೆಯ ಸ್ಥಳವು 2008ರಲ್ಲಿ ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಯಿತು. ಹೊಸ ಸೆರೆಮನೆಯ ಆಸುಪಾಸಿನ ಕಂಪೆನಿಗಳಲ್ಲಿ ಕಾವಲು, ಅಡಿಗೆ, ಗುಡಿಸುವಿಕೆ ಮುಂತಾದುವೆಲ್ಲ ಗುತ್ತಿಗೆಯಿಂದಲೇ ನಡೆಯುವುವು. ಇದನ್ನು ಕಂಡ ಗೃಹಸ್ಥರಿಗೆ, ಸೆರೆಮನೆಯನ್ನೂ ಹೀಗೆಯೇ ವಹಿಸಿಕೊಟ್ಟರೆ ಖರ್ಚು ತಗ್ಗಿ ಶಿಸ್ತು ಹೆಚ್ಚಬಾರದೇಕೆ ಎಂದು ತೋರಿದರೆ ಆಶ್ಚರ್ಯವಿಲ್ಲ.

ನಮ್ಮ ಸಂವಿಧಾನವು ಕಾರಾಗೃಹಗಳನ್ನು ರಾಜ್ಯಗಳ ಪಟ್ಟಿಯಲ್ಲಿ ಇರಿಸಿದೆ. ನಮ್ಮಲ್ಲಿ ಅವುಗಳನ್ನು ಸರ್ಕಾರವೇ ನಡೆಸುತ್ತ ಬಂದಿದೆ. ಅಮೆರಿಕದಲ್ಲಿಯಾದರೋ 1983ರಲ್ಲಿ ಸೆರೆಮನೆ ನಡೆಸುವುದಕ್ಕಾಗಿಯೇ ಒಂದು ಕಂಪೆನಿ ಹುಟ್ಟಿತು. ಅಲ್ಲಿನ ಕೆಲವು ಕರಾರುಗಳಲ್ಲಿ, ಇಷ್ಟು ಹಾಸಿಗೆಗಳು ತುಂಬಿರಲೇಬೇಕು, ತುಂಬದಿದ್ದರೂ ಸರ್ಕಾರವು ಹಣ ಕೊಡಬೇಕು ಎಂಬ ನಿಬಂಧನೆಯುಂಟು. ಛತ್ರದ ಕೋಣೆಗಳಿಗೆ ಒಪ್ಪುವ ಈ ಲೆಕ್ಕವನ್ನು ಮನುಷ್ಯರ ಸೆರೆಗೆ ಹಚ್ಚಿದರೆ ಏನಾದೀತು? 2022ರ ಅಂಕಿಗಳಂತೆ ನಮ್ಮ ದೇಶದ ಪ್ರತಿ ನಾಲ್ವರು ಕೈದಿಗಳಲ್ಲಿ ಮೂವರು ವಿಚಾರಣಾಧೀನರು. ಅವರ ತಪ್ಪು ಇನ್ನೂ ರುಜುವಾತಾಗಿಲ್ಲ. ದಿನವೊಂದಕ್ಕೆ ಇಷ್ಟೆಂದು ಹಣ ಪಡೆಯುವ ಗುತ್ತಿಗೆದಾರನಿಗೆ, ಮೊಕದ್ದಮೆಯು ಮುಂದಕ್ಕೆ ಹೋದ ಒಂದೊಂದು ವಾಯಿದೆಯೂ ಲಾಭವೇ. ಹೊರಗೆ ಕಾದಿರುವ ತಾಯಿಗೋ ಹೆಂಡತಿಗೋ ಅದು ಇನ್ನೊಂದು ತಿಂಗಳ ಉಪವಾಸ.

ಖಾಸಗಿಯವರಿಂದ ಶಿಸ್ತು ಬರುವುದೆಂಬುದೂ ಖಂಡಿತವಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸೆರೆಮನೆಯನ್ನು 2011ರಲ್ಲಿ ಒಂದು ಕಂಪೆನಿಗೆ ವಹಿಸಿದರು. 2016ರಲ್ಲಿ ಅಲ್ಲಿ ದೊಡ್ಡ ದಂಗೆಯಾಯಿತು. 2018ರಲ್ಲಿ ಸರ್ಕಾರವೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವು ಅನುಭವಕ್ಕಾಗಿ ಕಾಯಲೇ ಇಲ್ಲ: ಲಾಭಕ್ಕಾಗಿ ನಡೆಯುವ ಸಂಸ್ಥೆಯ ಕೈಗೆ ಮನುಷ್ಯನ ಸ್ವಾತಂತ್ರ್ಯವನ್ನು ಕೊಡುವುದು ಅವನ ಮಾನಕ್ಕೆ ಕುಂದೆಂದು, 2009ರಲ್ಲಿ ಆ ಬಗೆಯ ಕಾಯಿದೆಯನ್ನೇ ರದ್ದುಗೊಳಿಸಿತು. ನನಗೆ ಈ ಮಾತೇ ಹೆಚ್ಚು ಒಪ್ಪುವುದು.

ಹಾಗೆಂದು ಸರ್ಕಾರದ ಸೆರೆಮನೆಯೆಲ್ಲ ಚೊಕ್ಕವೆನ್ನುವಂತಿಲ್ಲ. ಪರಪ್ಪನ ಅಗ್ರಹಾರದಲ್ಲಿ ಕೆಲವರಿಗೆ ವಿಶೇಷ ಸೌಕರ್ಯಗಳು ದೊರೆಯುತ್ತಿರುವುವೆಂದು 2017ರಲ್ಲಿ ಕಾರಾಗೃಹ ಇಲಾಖೆಯ ಡಿ.ಐ.ಜಿ. ಆಗಿದ್ದ ಡಿ. ರೂಪಾ ಅವರೇ ವರದಿ ಬರೆದರು. 2024ರ ಆಗಸ್ಟಿನಲ್ಲಿ, ಕೊಲೆಯ ಆಪಾದನೆಗೆ ಒಳಗಾದ ಚಿತ್ರನಟರೊಬ್ಬರು ಅಲ್ಲಿಯೇ ಕುರ್ಚಿ ಹಾಕಿಕೊಂಡು ಸಿಗರೇಟು ಹಿಡಿದು ಕುಳಿತ ಚಿತ್ರವನ್ನು ನಾಡೆಲ್ಲ ನೋಡಿತು. ಅಧಿಕಾರಿಗಳು ಅಮಾನತಾದರು, ಆರೋಪಿಯನ್ನು ಬಳ್ಳಾರಿಗೆ ಸಾಗಿಸಿದರು. ಸಗಟಾಗಿ ಮಾರದ ಸೆರೆಮನೆಯೂ ಚಿಲ್ಲರೆಯಾಗಿ ಮಾರಾಟವಾಗಬಲ್ಲದು. ಆದರೂ ಒಂದು ಭೇದವಿದೆ. ಇಲ್ಲಿ ನಡೆದ ತಪ್ಪಿಗೆ ಮಂತ್ರಿಗಳು ಶಾಸನಸಭೆಯಲ್ಲಿ ಉತ್ತರ ಹೇಳಬೇಕು. ಗುತ್ತಿಗೆದಾರನಾದರೆ ಕರಾರಿನ ಕಾಗದವನ್ನು ಮುಂದಕ್ಕೆ ಹಿಡಿದಾನು.

ಖಾಸಗಿಯವರು ಸೆರೆಮನೆಯ ಬಾಗಿಲನ್ನೇ ತುಳಿಯಬಾರದೆಂದು ನನ್ನ ಅಭಿಪ್ರಾಯವಲ್ಲ. ಪೀಣ್ಯದ ಯಂತ್ರಶಾಲೆಯವರು ಒಳಗಿನವರಿಗೆ ಕಸಬು ಕಲಿಸಿ ಕೆಲಸ ಕೊಡುವುದಾದರೆ ಕೊಡಲಿ, ಅದು ಬಿಟ್ಟಿ ದುಡಿಮೆಯಾಗಬಾರದು ಅಷ್ಟೆ. ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ನಮ್ಮ ಸುಪ್ರೀಂ ಕೋರ್ಟು 1998ರಲ್ಲಿಯೇ ವಿಧಿಸಿದೆ. ಆ ಕೂಲಿಯಲ್ಲಿ ಒಂದು ಪಾಲನ್ನು ಅಪರಾಧಕ್ಕೆ ತುತ್ತಾದವರ ಪರಿಹಾರಕ್ಕೆ ತೆಗೆದಿರಿಸುವಂತೆ ಕಾನೂನು ಮಾಡಬೇಕೆಂದೂ ಅದೇ ತೀರ್ಪು ಹೇಳಿತು. ಕರ್ನಾಟಕದಲ್ಲಿ 2023ರ ವೇಳೆಗೆ ಹೊಸಬನಾದ ಕೈದಿಗೆ ದಿನಕ್ಕೆ 524 ರೂಪಾಯಿ, ನುರಿತವನಿಗೆ 663 ರೂಪಾಯಿಯವರೆಗೆ ಕೂಲಿ ಗೊತ್ತಾಗಿತ್ತು. ಒಳಗಿನ ದುಡಿಮೆಯನ್ನು ಬಯಸಿ ಬರುವ ಕಾರ್ಖಾನೆಯ ಯಜಮಾನರು ಇದಕ್ಕೆ ಕಡಮೆಯಿಲ್ಲದೆ ಎಣಿಸಿಕೊಟ್ಟು, ಸಂಜೆ ಬೀಗದ ಕೈಯನ್ನು ಸರ್ಕಾರದ ಜೈಲರನಲ್ಲಿಯೇ ಬಿಟ್ಟು ಹೋಗಲಿ.